ಗಾಜಿನ ತೊಟ್ಟಿಯ ಸಿಗಡಿಗಳು

ಮನೆಯಲ್ಲಿ ಹಸುವನ್ನು ಸಾಕುವವರುಂಟು. ನಾಯಿಯನ್ನೂ ಬೆಕ್ಕನ್ನೂ ಸಾಕುವವರುಂಟು. ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನುಗಳನ್ನು ಬಿಟ್ಟು ಮಕ್ಕಳಿಗೆ ತೋರಿಸಿ ಸಂತೋಷಪಡುವವರೂ ಉಂಟು. ಆದರೆ ಸಿಗಡಿಯನ್ನು ಸಾಕುವುದೆಂದರೆ ನಮ್ಮ ವಾಚಕರಲ್ಲಿ ಅನೇಕರು ನಕ್ಕಾರು. ಕರಾವಳಿಯ ಸೋದರಿಯರಿಗೆ ಸಿಗಡಿಯೆಂಬುದು ಅಡಿಗೆಯ ಮನೆಯ ವಿಷಯ. ಘಟ್ಟದ ಮೇಲಿನ ಎಷ್ಟೋ ಮನೆಗಳಲ್ಲಿ ಅದರ ಹೆಸರನ್ನೆತ್ತುವುದೂ ಕಷ್ಟ. ನಮ್ಮ ಮನೆಗೆ ಮೊದಲ ದಿನ ಹನ್ನೆರಡು ಸಿಗಡಿಗಳು ಬಂದಾಗ ನಮ್ಮ ತಾಯಿಯವರು ಬಾಗಿಲಲ್ಲಿಯೇ ತಡೆದು, "ಏನಪ್ಪಾ ಇದು? ಮೀನಿನ ಜಾತಿಯನ್ನು ಮನೆಯೊಳಕ್ಕೆ ತರುವುದೆ?" ಎಂದರು. "ತಿನ್ನುವುದಕ್ಕಲ್ಲಮ್ಮ, ನೋಡುವುದಕ್ಕೆ" ಎಂದೆವು. "ನೋಡುವುದಕ್ಕೆ ಅದರಲ್ಲಿ ಏನಿದೆಯೋ!" ಎಂದು ಅವರು ಒಳಕ್ಕೆ ಹೋದರು.

ಅಂದು ಹೀಗೆ ಕೇಳಿದ ತಾಯಿಯವರೇ ಇಂದು ಬೆಳಿಗ್ಗೆ ದೇವರಿಗೆ ದೀಪ ಹಚ್ಚಿದ ಮೇಲೆ ಮೊದಲು ಹೋಗಿ ನಿಲ್ಲುವುದು ಆ ತೊಟ್ಟಿಯ ಮುಂದೆ. ನಡುವೆ ನಡೆದ ಸಂಗತಿಯನ್ನೂ, ಅದರಿಂದ ನಾವು ಕಲಿತ ಪಾಠವನ್ನೂ, ಈ ಪುಟ್ಟ ಪ್ರಾಣಿಗಳನ್ನು ಸಾಕಿ ಅವುಗಳ ಸಂತಾನವನ್ನು ವೃದ್ಧಿಪಡಿಸುವ ಕ್ರಮವನ್ನೂ ವಾಚಕರಿಗೆ ತಿಳಿಸಬೇಕೆಂಬುದೇ ಈ ಲೇಖನದ ಉದ್ದೇಶ.

ಇವು ಎಲ್ಲಿಯವು?

ಸಿಗಡಿಯು ಮೀನಲ್ಲ, ಏಡಿಯಂತೆ ಅದೂ ಹತ್ತು ಕಾಲಿನ, ಕವಚವುಳ್ಳ ಪ್ರಾಣಿ. ಕಡಲಿನಲ್ಲಿರುವಂತೆಯೇ ಹೊಳೆ, ಹಳ್ಳ, ಕೆರೆಗಳ ಸಿಹಿನೀರಿನಲ್ಲಿಯೂ ಅನೇಕ ಜಾತಿಯ ಸಿಗಡಿಗಳುಂಟು. ನಮ್ಮ ಸಹ್ಯಾದ್ರಿಯ ತೊರೆಗಳಲ್ಲಿಯೂ ಕಲ್ಲು ಎಲೆಗಳ ನಡುವೆ ಗಾಜಿನಂತಹ ಮೈಯುಳ್ಳ ಸಣ್ಣ ಸಿಗಡಿಗಳಿವೆ. ಆದರೆ ಮನೆಯ ತೊಟ್ಟಿಗಳಲ್ಲಿ ಸಾಕುವವುಗಳೊಳಗೆ ಎಲ್ಲಕ್ಕಿಂತ ಪ್ರಸಿದ್ಧವಾದುದು 'ಚೆರ್ರಿ ಸಿಗಡಿ'. ಇದರ ಶಾಸ್ತ್ರೀಯ ನಾಮ ನಿಯೋಕ್ಯಾರಿಡಿನಾ ಡೇವಿಡಿ. ಚೀನಾ, ತೈವಾನ್ ಮೊದಲಾದ ಪೂರ್ವ ಏಷ್ಯದ ಸೀಮೆಗಳು ಇದರ ತವರು. ೧೯೦೪ರಲ್ಲಿ ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಬೂವಿಯೇ ಎಂಬವರು ಇದನ್ನು ವರ್ಣಿಸಿ, ಚೀನಾದೇಶದಲ್ಲಿ ಸಂಚರಿಸಿ ಅಲ್ಲಿಯ ಪ್ರಾಣಿ ಸಸ್ಯಗಳನ್ನು ಸಂಗ್ರಹಿಸಿದ ಪಾದ್ರಿ ಆರ್ಮಾಂ ಡೇವಿಡರ ಹೆಸರನ್ನು ಇದಕ್ಕಿಟ್ಟರು.

ತನ್ನ ತವರಿನ ಹಳ್ಳಗಳಲ್ಲಿ ಈ ಸಿಗಡಿಯು ಕೆಂಪಾಗಿರುವುದಿಲ್ಲ. ಮಣ್ಣಿನಲ್ಲಿ ಬೆರೆತು ಕಾಣದಂತಹ ಕಂದು ಬಣ್ಣದ್ದು. ಸಾಕುವವರು ಪ್ರತಿ ತಲೆಮಾರಿನಲ್ಲಿಯೂ ಹೆಚ್ಚು ಕೆಂಪಾದವುಗಳನ್ನೇ ಆರಿಸಿ ಕೂಡಿಸುತ್ತ ಬಂದುದರಿಂದ ಇಂದಿನ ಕೆಂಪು ಬಣ್ಣವು ಸಿದ್ಧಿಸಿತು. ಇದೇ ರೀತಿಯಲ್ಲಿ ಹಳದಿ, ನೀಲಿ ಬಣ್ಣದ ಕುಲಗಳೂ ಹುಟ್ಟಿಕೊಂಡಿವೆ. ಬೆಳೆದ ಸಿಗಡಿಯ ಉದ್ದ ಎರಡರಿಂದ ಮೂರು ಸೆಂಟಿಮೀಟರು. ಆಯುಷ್ಯ ಒಂದರಿಂದ ಎರಡು ವರ್ಷ.

ಇನ್ನೊಂದು ಹೆಸರಾದ ಜಾತಿ 'ಅಮಾನೋ ಸಿಗಡಿ'. ಜಪಾನಿನ ಛಾಯಾಚಿತ್ರಕಾರರೂ ಜಲೋದ್ಯಾನಗಳ ನಿರ್ಮಾತೃಗಳೂ ಆಗಿದ್ದ ತಕಾಶಿ ಅಮಾನೋ (೧೯೫೪-೨೦೧೫) ಅವರು ತಮ್ಮ ತೊಟ್ಟಿಗಳ ಪಾಚಿಯನ್ನು ತಿನ್ನಿಸುವ ಸಲುವಾಗಿ ಇದನ್ನು ಬಳಸಿ ಲೋಕಪ್ರಸಿದ್ಧಗೊಳಿಸಿದರು. ಪಾಚಿಯನ್ನು ತಿನ್ನುವುದರಲ್ಲಿ ಇದು ಸಮರ್ಥವೇ ಸರಿ. ಆದರೆ ಇದರ ಮರಿಗಳು ಉಪ್ಪುನೀರಿನಲ್ಲಿಯಲ್ಲದೆ ಬೆಳೆಯಲಾರವು. ಆದುದರಿಂದ ಮನೆಯಲ್ಲಿ ಇದರ ಸಂತಾನವನ್ನು ಬೆಳೆಸುವುದು ಬಹು ಪ್ರಯಾಸದ ಕೆಲಸ. ಹೊಸಬರು ಚೆರ್ರಿ ಸಿಗಡಿಯಿಂದಲೇ ಆರಂಭಿಸುವುದು ಉಚಿತ.

ತೊಟ್ಟಿಯ ಸಿದ್ಧತೆ

ಇಪ್ಪತ್ತರಿಂದ ನಲವತ್ತು ಲೀಟರು ನೀರು ಹಿಡಿಯುವ ತೊಟ್ಟಿಯು ಆರಂಭಕ್ಕೆ ಸಾಕು. ತೀರ ಸಣ್ಣ ಪಾತ್ರೆಯಲ್ಲಿ ನೀರಿನ ಗುಣವು ಬೇಗಬೇಗನೆ ಬದಲಾಗುವುದರಿಂದ ಅದು ಸುಲಭವೆಂದು ತೋರಿದರೂ ವಾಸ್ತವವಾಗಿ ಕಷ್ಟವೇ. ತಳಕ್ಕೆ ತೊಳೆದ ಮರಳನ್ನು ಹಾಸಿ, ಜಾವಾ ಮಾಸ್ ಎಂಬ ಪಾಚಿಯಂತಹ ಸಸ್ಯವನ್ನು ಧಾರಾಳವಾಗಿ ನೆಡಬೇಕು. ಮರಿಗಳು ಅಡಗುವುದೂ ಮೇಯುವುದೂ ಅದರಲ್ಲಿಯೇ. ನೀರನ್ನು ಶೋಧಿಸಲು ಸ್ಪಂಜಿನ ಶೋಧಕವೇ ಯೋಗ್ಯ; ಬೇರೆ ಯಂತ್ರಗಳು ಮರಿಗಳನ್ನು ಒಳಕ್ಕೆ ಸೆಳೆದುಬಿಡುತ್ತವೆ. ಮೇಲೆ ಸಣ್ಣ ಕಣ್ಣಿನ ಬಲೆಯನ್ನು ಮುಚ್ಚಿದರೆ ಸೊಳ್ಳೆಯು ಮೊಟ್ಟೆಯಿಡುವ ಭಯವೂ ಇರದು.

ಎಲ್ಲವೂ ಸಿದ್ಧವಾಯಿತೆಂದು ಆ ದಿನವೇ ಸಿಗಡಿಗಳನ್ನು ತಂದು ಬಿಡಬಾರದು. ಹೊಸಬರ ತೊಟ್ಟಿಗಳು ಬರಿದಾಗುವುದು ಬಹುಮಟ್ಟಿಗೆ ಈ ಅವಸರದಿಂದಲೇ. ಪ್ರಾಣಿಗಳ ಮಲದಿಂದಲೂ ಕೊಳೆತ ಆಹಾರದಿಂದಲೂ ನೀರಿನಲ್ಲಿ ಅಮೋನಿಯವೆಂಬ ವಿಷವು ಹುಟ್ಟುತ್ತದೆ. ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ, ಅದೂ ವಿಷವೇ. ಮತ್ತೊಂದು ಬಗೆಯವು ಅದನ್ನು ನೈಟ್ರೇಟ್ ಆಗಿ ಮಾಡುತ್ತವೆ. ಇದು ಅಷ್ಟು ಅಪಾಯಕರವಲ್ಲ, ಸಸ್ಯಗಳಿಗೆ ಆಹಾರವೂ ಹೌದು. ಕಣ್ಣಿಗೆ ಕಾಣದ ಈ ಸೇವಕರು ಸ್ಪಂಜಿನಲ್ಲಿಯೂ ಮರಳಿನಲ್ಲಿಯೂ ನೆಲೆಯೂರುವುದಕ್ಕೆ ನಾಲ್ಕರಿಂದ ಆರು ವಾರಗಳು ಬೇಕು. ಅಷ್ಟು ಕಾಲ ತೊಟ್ಟಿಯಲ್ಲಿ ನೀರನ್ನೂ ಗಿಡಗಳನ್ನೂ ಇಟ್ಟು, ಚಿಟಿಕೆ ಆಹಾರವನ್ನು ಹಾಕುತ್ತ ಕಾದಿರತಕ್ಕದ್ದು.

ನೀರಿನ ವಿಷಯದಲ್ಲಿ ಇನ್ನೂ ಒಂದು ಮಾತು. ನಲ್ಲಿಯ ನೀರಿನಲ್ಲಿ ಬೆರೆಸಿರುವ ಕ್ಲೋರಿನ್ ಸಿಗಡಿಗಳಿಗೆ ಮಾರಕ. ಬಾಯಿ ಅಗಲವಾದ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಒಂದು ಹಗಲು ಒಂದು ರಾತ್ರಿ ಇಟ್ಟರೆ ಅದು ಬಹುಮಟ್ಟಿಗೆ ಹಾರಿಹೋಗುತ್ತದೆ. ಇಲ್ಲವೆ ಮೀನಿನ ಸಾಮಾನಿನ ಅಂಗಡಿಗಳಲ್ಲಿ ದೊರೆಯುವ ಕ್ಲೋರಿನ್ ನಿವಾರಕ ದ್ರವವನ್ನು ಬಳಸಬಹುದು. ಕವಚವನ್ನು ಕಟ್ಟಿಕೊಳ್ಳಲು ಸಿಗಡಿಗೆ ಸುಣ್ಣದ ಅಂಶ ಬೇಕು. ಕೊಳವೆಬಾವಿಯ ಗಡಸು ನೀರಿನಲ್ಲಿ ಅದು ಸಾಮಾನ್ಯವಾಗಿ ಸಾಕಷ್ಟಿರುತ್ತದೆ. ನೀರು ಬಹು ಮೆದುವಾದ ಕಡೆ ಚಿಪ್ಪಿನ ಚೂರುಗಳನ್ನು ತೊಳೆದು ತೊಟ್ಟಿಯಲ್ಲಿ ಹಾಕಬೇಕು. ಹದಿನೆಂಟರಿಂದ ಇಪ್ಪತ್ತೆಂಟು ಡಿಗ್ರಿ ಸೆಂಟಿಗ್ರೇಡಿನ ಉಷ್ಣತೆ ಇವುಗಳಿಗೆ ಹಿತ. ಬೆಂಗಳೂರು, ಮೈಸೂರುಗಳಲ್ಲಿ ಇದು ಕಷ್ಟವಲ್ಲ. ರಾಯಚೂರು, ಕಲಬುರಗಿಯ ಕಡೆಯವರು ಬೇಸಗೆಯಲ್ಲಿ ತೊಟ್ಟಿಯನ್ನು ತಂಪಾದ ಕೋಣೆಯಲ್ಲಿಟ್ಟು, ನೀರಿನ ಮೇಲೆ ಸಣ್ಣ ಫ್ಯಾನಿನ ಗಾಳಿ ಬೀಸುವಂತೆ ಮಾಡಬೇಕು.

ಅಂಗಡಿಯಿಂದ ತಂದ ಸಿಗಡಿಗಳನ್ನು ಒಮ್ಮೆಲೇ ತೊಟ್ಟಿಗೆ ಸುರಿಯದೆ, ಒಂದು ಡಬ್ಬಿಯಲ್ಲಿ ಬಿಟ್ಟು, ಗಂಟು ಹಾಕಿದ ಸಣ್ಣ ಕೊಳವೆಯಿಂದ ತೊಟ್ಟಿಯ ನೀರನ್ನು ತೊಟ್ಟುತೊಟ್ಟಾಗಿ ಒಂದೆರಡು ಗಂಟೆಗಳ ಕಾಲ ಬೆರೆಸಿ ಅನಂತರ ಬಿಡುವುದು ಕ್ರಮ.

ಆಹಾರ ಮತ್ತು ಸಂತಾನ

ಸಿಗಡಿಯು ದಿನವಿಡೀ ಮೇಯುತ್ತಲೇ ಇರುವ ಪ್ರಾಣಿ. ಎಲೆ, ಕಲ್ಲು, ಗಾಜುಗಳ ಮೇಲೆ ಕಟ್ಟುವ ಪಾಚಿ ಮತ್ತು ಸೂಕ್ಷ್ಮಜೀವಿಗಳ ಲೋಳೆಯೇ ಅದರ ಮುಖ್ಯ ಆಹಾರ. ಕಾಡುಬಾದಾಮಿಯ ಮರದಿಂದ ಒಣಗಿ ಉದುರಿದ ಎಲೆಯೊಂದನ್ನು ತೊಳೆದು ಹಾಕಿದರೆ ಅದು ಮೆಲ್ಲಗೆ ಕರಗುತ್ತ ವಾರಗಟ್ಟಲೆ ಮೇವಾಗುತ್ತದೆ. ವಾರಕ್ಕೆ ಎರಡು ಮೂರು ಸಲ ಬಿಸಿನೀರಿನಲ್ಲಿ ಬಾಡಿಸಿದ ಪಾಲಕ್ ಎಲೆಯನ್ನೋ ಸೌತೆಯ ಹೋಳನ್ನೋ ಕೊಡಬಹುದು. ಕ್ರಿಮಿನಾಶಕ ಸಿಂಪಡಿಸದ ಸೊಪ್ಪಾಗಿರಬೇಕು. ಕೆಲವು ಗಂಟೆಗಳಲ್ಲಿ ತಿಂದು ಮುಗಿಸದಿದ್ದುದನ್ನು ತೆಗೆದುಬಿಡಬೇಕು. ಹಸಿವೆಯಿಂದ ಸತ್ತ ಸಿಗಡಿಗಳಿಗಿಂತ ಯಜಮಾನರ ಔದಾರ್ಯದಿಂದ ಸತ್ತವೇ ಹೆಚ್ಚೆಂದು ಹೇಳಬಹುದು.

ಒಂದು ದಿನ ತೊಟ್ಟಿಯ ತಳದಲ್ಲಿ ಬಿಳಿಯ ಸಿಗಡಿಯೊಂದು ಸತ್ತು ಬಿದ್ದಂತೆ ಕಂಡರೆ ಗಾಬರಿಯಾಗಬೇಕಾದುದಿಲ್ಲ. ಹಾವು ಪೊರೆ ಬಿಡುವಂತೆ ಸಿಗಡಿಯೂ ಬೆಳೆಯುತ್ತ ತನ್ನ ಕವಚವನ್ನು ಕಳಚುತ್ತದೆ. ಆ ಖಾಲಿ ಕವಚವನ್ನು ಹಾಗೆಯೇ ಬಿಟ್ಟರೆ ಸುಣ್ಣದ ಸಲುವಾಗಿ ಅವೇ ಅದನ್ನು ತಿನ್ನುತ್ತವೆ. ಹೊಸ ಕವಚವು ಗಟ್ಟಿಯಾಗುವ ತನಕ ಪ್ರಾಣಿಯು ಬಹು ಮೃದುವಾಗಿದ್ದು ಮರೆಯಲ್ಲಿ ಅಡಗಿರುತ್ತದೆ. ಒಮ್ಮೆಗೇ ಬಹಳ ನೀರನ್ನು ಬದಲಾಯಿಸಿದರೆ ಅಕಾಲದಲ್ಲಿ ಕವಚ ಕಳಚಲು ಹೋಗಿ ಸಾಯುವುದುಂಟು. ಆದುದರಿಂದ ವಾರಕ್ಕೆ ಹತ್ತರಲ್ಲಿ ಒಂದು ಪಾಲು ನೀರನ್ನು ಬದಲಾಯಿಸಿದರೆ ಸಾಕು.

ಹೆಣ್ಣು ಗಂಡಿಗಿಂತ ದೊಡ್ಡದು, ಬಣ್ಣವೂ ಗಾಢ. ಅದರ ಬೆನ್ನಿನ ಮೇಲೆ ಕುದುರೆಯ ಜೀನಿನಂತೆ ಹಳದಿಯ ಗುರುತು ಕಂಡರೆ ಒಳಗೆ ಮೊಟ್ಟೆಗಳು ಬಲಿಯುತ್ತಿವೆಯೆಂದು ತಿಳಿಯಬೇಕು. ಹೆಣ್ಣು ಕವಚ ಕಳಚಿದೊಡನೆ ನೀರಿನಲ್ಲಿ ಒಂದು ಬಗೆಯ ವಾಸನೆಯ ದ್ರವ್ಯವು ಹರಡಿ, ಗಂಡುಗಳೆಲ್ಲ ತೊಟ್ಟಿಯ ತುಂಬ ಹುಚ್ಚೆದ್ದಂತೆ ಈಜಾಡತೊಡಗುತ್ತವೆ. ಕೂಡಿದ ಮೇಲೆ ಹೆಣ್ಣು ಇಪ್ಪತ್ತು ಮೂವತ್ತು ಮೊಟ್ಟೆಗಳನ್ನು ಹೊಟ್ಟೆಯ ಕೆಳಗಿನ ಈಜುಗಾಲುಗಳಲ್ಲಿ ಹಿಡಿದುಕೊಂಡು, ಸುಮಾರು ಒಂದು ತಿಂಗಳ ಕಾಲ ಹಗಲಿರುಳು ಅವುಗಳಿಗೆ ಗಾಳಿ ಹಾಕುತ್ತಿರುತ್ತದೆ. ಮರಿಗಳು ಹೊರಬರುವಾಗಲೇ ದೊಡ್ಡವುಗಳ ಅಚ್ಚಿನಂತೆ, ಎರಡು ಮಿಲಿಮೀಟರಿನಷ್ಟು ಗಾತ್ರದಲ್ಲಿರುತ್ತವೆ; ತಾಯಿ ತಂದೆಗಳು ಅವುಗಳನ್ನು ಬೇಟೆಯಾಡುವುದಿಲ್ಲ. ಮೀನುಗಳು ಬಿಡುವುದಿಲ್ಲವಾದ್ದರಿಂದ ಸಂತಾನವನ್ನು ಬಯಸುವವರು ಅದೇ ತೊಟ್ಟಿಯಲ್ಲಿ ಮೀನುಗಳನ್ನು ಇಡಬಾರದು. ಮೂರು ನಾಲ್ಕು ತಿಂಗಳಲ್ಲಿ ಆ ಮರಿಗಳೂ ಪ್ರಾಯಕ್ಕೆ ಬರುತ್ತವೆ. ಬೇರೆ ಬೇರೆ ಬಣ್ಣದವುಗಳನ್ನು ಒಂದೇ ತೊಟ್ಟಿಯಲ್ಲಿ ಬೆರೆಸಿದರೆ ಕೆಲವು ತಲೆಮಾರುಗಳಲ್ಲಿ ಮರಳಿ ಕಾಡಿನ ಕಂದು ಬಣ್ಣವೇ ಬರುವುದೆಂಬುದನ್ನು ನೆನಪಿಡಬೇಕು.

ನಮ್ಮಿಂದಾದ ತಪ್ಪು

ಹೀಗೆ ನಮ್ಮ ಹನ್ನೆರಡು ಸಿಗಡಿಗಳು ಅರವತ್ತರ ಮೇಲಾಗಿದ್ದವು. ಬೇಸಗೆಯಲ್ಲಿ ಹತ್ತು ದಿನ ನಾವು ಮಕ್ಕಳೊಡನೆ ಊರಿಗೆ ಹೋಗಬೇಕಾಯಿತು. ತೊಟ್ಟಿಯನ್ನು ತಾಯಿಯವರಿಗೆ ಒಪ್ಪಿಸಿ, "ನೀರು ಇಳಿದರೆ ಸ್ವಲ್ಪ ಹಾಕಮ್ಮ" ಎಂದಷ್ಟೇ ಹೇಳಿ ಹೊರಟೆವು. ಯಾವ ನೀರೆಂದು ಹೇಳಲಿಲ್ಲ.

ಹಿಂದಿರುಗಿ ಬಂದಾಗ ತೊಟ್ಟಿಯು ಕನ್ನಡಿಯಂತೆ ತಿಳಿಯಾಗಿತ್ತು. ಆದರೆ ಅದರಲ್ಲಿ ನಾಲ್ಕೇ ಸಿಗಡಿಗಳು ಉಳಿದಿದ್ದವು. ತಾಯಿಯವರು ಮಾತನಾಡದೆ ಕುಳಿತಿದ್ದರು. ದಿನಕ್ಕೆ ಕೆಲವಾಗಿ ಸಾಯುತ್ತ ಬಂದುದನ್ನು ಕಂಡು, ನೀರು ಕೆಟ್ಟಿರಬೇಕೆಂದು ಎಣಿಸಿ, ಅವರು ಪ್ರತಿದಿನವೂ ಎರಡು ಚೊಂಬು ಹಳೆಯ ನೀರನ್ನು ತೆಗೆದು ತುಳಸಿಗೆ ಹಾಕಿ, ಎರಡು ಚೊಂಬು ಹೊಸ ನೀರನ್ನು ತುಂಬಿದ್ದರಂತೆ. ಮೀನಿನ ಸಾಮಾನಿನ ಅಂಗಡಿಯವನು ಎಲ್ಲವನ್ನೂ ಕೇಳಿ, "ನೀರು ಯಾವ ಪಾತ್ರೆಯದು, ಸ್ವಾಮಿ?" ಎಂದು ಒಂದೇ ಪ್ರಶ್ನೆ ಹಾಕಿದನು. ಆಗ ನಮಗೆ ತಿಳಿಯಿತು. ಮನೆಯಲ್ಲಿ ಎಲ್ಲಕ್ಕಿಂತ ಶುದ್ಧವಾದ ನೀರೆಂದು ತಾಯಿಯವರು ಆರಿಸಿದ್ದುದು ಹುಣಿಸೆಹಣ್ಣಿನಿಂದ ತಿಕ್ಕಿ ಬೆಳಗಿದ ತಾಮ್ರದ ಹಂಡೆಯ ನೀರು.

ತಾಮ್ರದ ಪಾತ್ರೆಯ ನೀರು ಮನುಷ್ಯರಿಗೆ ಹಿತವೆಂಬ ಹಿರಿಯರ ನಂಬಿಕೆಯು ಹುರುಳಿಲ್ಲದ್ದಲ್ಲ. ತಾಮ್ರದ ಪಾತ್ರೆಯಲ್ಲಿ ಹದಿನಾರು ಗಂಟೆ ಇಟ್ಟ ನೀರಿನಲ್ಲಿ ಭೇದಿಯನ್ನುಂಟುಮಾಡುವ ರೋಗಾಣುಗಳು ಉಳಿಯುವುದಿಲ್ಲವೆಂದು ಬೆಂಗಳೂರಿನ ಸಂಶೋಧಕರನ್ನೊಳಗೊಂಡ ತಂಡವೊಂದು ೨೦೧೨ರಲ್ಲಿ ಪ್ರಕಟಿಸಿದೆ. ಆ ನೀರಿನಲ್ಲಿ ಕರಗುವ ತಾಮ್ರವು ಮನುಷ್ಯರಿಗೆ ಹೇಳಿರುವ ಮಿತಿಗಿಂತ ಬಹಳ ಕಡಮೆ. ಆದರೆ ರೋಗಾಣುವನ್ನು ಕೊಲ್ಲುವ ಆ ಅಲ್ಪಾಂಶವೇ ಸಿಗಡಿಯ ಕಿವಿರುಗಳನ್ನು ಕೆಡಿಸಿ ಅದರ ಪ್ರಾಣವನ್ನೂ ತೆಗೆಯಬಲ್ಲುದು. ವಿಚಿತ್ರವೆಂದರೆ, ನಮ್ಮ ರಕ್ತದಲ್ಲಿ ಕಬ್ಬಿಣವಿರುವಂತೆ ಸಿಗಡಿಯ ರಕ್ತದಲ್ಲಿರುವುದು ತಾಮ್ರವೇ; ಅದರಿಂದಲೇ ಆ ರಕ್ತಕ್ಕೆ ನೀಲಿಯ ಛಾಯೆ. ಬೇಕಾದಷ್ಟು ಇದ್ದರೆ ಜೀವ, ತುಸು ಮೀರಿದರೆ ಮರಣ.

ಇದನ್ನು ತಾಯಿಯವರಿಗೆ ಹೇಗೆ ಹೇಳುವುದೆಂದು ನಾವು ಎರಡು ದಿನ ಸುಮ್ಮನಿದ್ದೆವು. ಮೂರನೆಯ ದಿನ ಅವರೇ ಕೇಳಿದರು: "ನಿಜ ಹೇಳಪ್ಪ, ನನ್ನ ಕೈಯಿಂದಲೇ ಹೋದವೇ?" ಸುಳ್ಳಾಡಲು ಮನಸ್ಸು ಬರಲಿಲ್ಲ. "ಕೈ ನಿನ್ನದಮ್ಮ, ತಪ್ಪು ನಮ್ಮದು. ಹೇಳಬೇಕಾದುದನ್ನು ನಾವು ಹೇಳಲಿಲ್ಲ" ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಉಳಿದವುಗಳಿಗೆ ಯಾವ ನೀರು ಬೇಕೋ ಈಗಲಾದರೂ ಹೇಳು" ಎಂದರು.

ಉಳಿದ ನಾಲ್ಕನ್ನು ಬೇರೆ ತೊಟ್ಟಿಯ ಒಳ್ಳೆಯ ನೀರಿಗೆ ಮೆಲ್ಲನೆ ಒಗ್ಗಿಸಿ ಬಿಟ್ಟೆವು. ಅವುಗಳಲ್ಲಿ ಒಂದರ ಹೊಟ್ಟೆಯಡಿಯಲ್ಲಿ ಮೊಟ್ಟೆಗಳಿದ್ದವು. ಇಪ್ಪತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ತಾಯಿಯವರೇ ನಮ್ಮನ್ನು ಎಬ್ಬಿಸಿ ಕರೆದೊಯ್ದು, ಹಸಿರಿನ ನಡುವೆ ಕಂಡೂ ಕಾಣದಂತಿದ್ದ ಮರಿಗಳನ್ನು ಬೆರಳಿನಿಂದ ತೋರಿಸಿದರು. ಹನ್ನೊಂದನ್ನು ಎಣಿಸಿದ್ದರು.

ಕೊನೆಯ ಎಚ್ಚರಿಕೆಗಳು

ತಾಮ್ರದಂತೆಯೇ ಸೊಳ್ಳೆ, ಜಿರಲೆಗಳಿಗೆ ಸಿಂಪಡಿಸುವ ಔಷಧಗಳೂ ಸಿಗಡಿಗೆ ಕಡುವಿಷ. ತೊಟ್ಟಿಯಿರುವ ಕೋಣೆಯಲ್ಲಿ ಅವುಗಳನ್ನು ಬಳಸಬಾರದು. ಮೀನುಗಳ ರೋಗಕ್ಕೆ ಮಾರುವ ಔಷಧಗಳಲ್ಲಿಯೂ ತಾಮ್ರವಿರುವುದುಂಟು. ಚೀಟಿಯನ್ನು ಓದಿ ಕೊಳ್ಳಬೇಕು.

ಮತ್ತೊಂದು ಮಾತು ಇನ್ನೂ ಮುಖ್ಯವಾದುದು. ಸಂತಾನವು ಹೆಚ್ಚಿದರೆ ಗೆಳೆಯರಿಗೆ ಕೊಡಬಹುದು, ಅಂಗಡಿಗೆ ಹಿಂದಿರುಗಿಸಬಹುದು. ಆದರೆ ಪುಣ್ಯದ ಕೆಲಸವೆಂದು ಭಾವಿಸಿ ಕೆರೆಗಾಗಲಿ ಹೊಳೆಗಾಗಲಿ ಬಿಡಕೂಡದು. ಚೆರ್ರಿ ಸಿಗಡಿಯು ಹವಾಯಿ ದ್ವೀಪದಲ್ಲಿಯೂ ಜರ್ಮನಿಯಲ್ಲಿಯೂ ಹೀಗೆ ಹೊರಬಿದ್ದು ನೆಲೆಯೂರಿದೆ. ನಮ್ಮ ಹಳ್ಳಗಳಲ್ಲಿ ಈ ನೆಲದವೇ ಆದ ಸಿಗಡಿಗಳಿವೆ; ಅವುಗಳ ಮೇವಿಗೂ ಮನೆಗೂ ಪರದೇಶದ ಪ್ರಾಣಿಯನ್ನು ಪಾಲುಗಾರನನ್ನಾಗಿ ಕಳುಹಿಸುವುದು ನ್ಯಾಯವಲ್ಲ.

ಪ್ರಾಣಿಯು ಎಷ್ಟು ಸಣ್ಣದಾದರೂ ಅದರ ಹಿತವು ಯಾವುದರಲ್ಲಿದೆಯೆಂದು ಅದನ್ನೇ ನೋಡಿ ತಿಳಿಯಬೇಕಲ್ಲದೆ, ನಮಗೆ ಒಳ್ಳೆಯದಾದುದು ಅದಕ್ಕೂ ಒಳ್ಳೆಯದೆಂದು ಎಣಿಸಬಾರದು. ನಮ್ಮ ಮನೆಯಲ್ಲಿ ಈಗ ತೊಟ್ಟಿಯ ಪಕ್ಕದಲ್ಲಿ ಮುಚ್ಚಳವುಳ್ಳ ಪ್ಲಾಸ್ಟಿಕ್ ಬಕೆಟ್ಟೊಂದಿದೆ. ಹಂಡೆಯ ನೀರು ನಮಗೆ, ಬಕೆಟ್ಟಿನ ನೀರು ಸಿಗಡಿಗಳಿಗೆ. ಮಕ್ಕಳು ಮರೆತರೂ ತಾಯಿಯವರು ಮರೆಯುವುದಿಲ್ಲ.