ಒಕ್ಕಲುತನಕ್ಕೆ ಬೇಕಾದ ಗಟ್ಟಿಮರಗಳ ಗುಣಗಳು

ಹಸಿಮರದಿಂದ ಮಾಡಿದ ಗಾಲಿಯು ಬೇಸಿಗೆಯಲ್ಲಿ ಒಣಗಿ ಕುಗ್ಗುವುದು. ಕೀಲುಗಳು ಸಡಿಲವಾಗಿ, ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿ ಹೇರಿದ ಚಕ್ಕಡಿಯು ನಡುದಾರಿಯಲ್ಲಿಯೇ ನಿಲ್ಲುವುದು. ಆದುದರಿಂದ ಕಾಗಿನೆಲೆ ಸೀಮೆಯ ಗೌಡರೂ ಜಮೀನುದಾರರೂ ಮರವನ್ನು ಗುಣವರಿತು ಆರಿಸತಕ್ಕದ್ದು.

ಸಾಗವಾನಿಯ ಕೆಚ್ಚಿನಲ್ಲಿ ಎಣ್ಣೆಯಂಶವಿರುವುದರಿಂದ ಗೆದ್ದಲು ಸುಲಭವಾಗಿ ಹತ್ತದು. ಬಾಗಿಲು, ತೊಲೆಗಳಿಗೆ ಇದು ಉತ್ತಮ. ಒಣಗಿದ ಸಾಗವಾನಿಯು ಘನ ಅಡಿಗೆ ಸುಮಾರು 18 ಕಿಲೋ ತೂಗಿದರೆ, ಮತ್ತಿಯು ಸುಮಾರು 24 ಕಿಲೋ ತೂಗುವುದು. ಆದರೆ ಮತ್ತಿಯನ್ನು ಬಿಸಿಲಿನಲ್ಲಿ ಬೇಗನೆ ಒಣಗಿಸಿದರೆ ಸೀಳುವುದು. ಎರೆಭೂಮಿಯ ಕರಿಜಾಲಿಯು ಪೆಟ್ಟನ್ನು ತಾಳುವುದರಿಂದ ಗಾಲಿ, ರಂಟೆ, ಕುಂಟೆಗಳಿಗೆ ಯೋಗ್ಯವು. ಉತ್ತರ ಅಮೆರಿಕದವರು ಗಾಲಿಗೂ ಕೊಡಲಿಯ ಕಾವಿಗೂ ಹಿಕರಿಮರವನ್ನು ಆರಿಸಿದ್ದು ಇದೇ ಗುಣಕ್ಕಾಗಿ.

ಜಾಲಿಯ ಹೊರಗಿನ ಬಿಳಿಭಾಗದಲ್ಲಿ ಪಿಷ್ಟವಿರುವುದರಿಂದ ಅದನ್ನು ಹುಳುಗಳು ಕೊರೆಯುವವು. ಕಡಿದ ದಿಮ್ಮಿಗಳನ್ನು ಕೆಲವು ವಾರ ನೀರಿನಲ್ಲಿ ಮುಳುಗಿಸಿಟ್ಟು, ಅನಂತರ ನೆರಳಿನಲ್ಲಿ ಗಾಳಿಯಾಡುವಂತೆ ಒಟ್ಟಿ, ಪೂರ್ಣವಾಗಿ ಒಣಗಿದ ಮೇಲೆಯೇ ಬಡಿಗನಿಗೆ ಕೊಡಬೇಕು.