ಮೊದಲು ಸ್ವರ, ಆಮೇಲೆ ಚಿತ್ರ

ಗಲ್ಫಿನಿಂದ ಊರಿಗೆ ಬರುವ ಮಕ್ಕಳ ಪೆಟ್ಟಿಗೆಯಲ್ಲಿ ಅತ್ತರು, ಖರ್ಜೂರದ ಜೊತೆ ಒಂದು ಕ್ಯಾಮ್‌ಕಾರ್ಡರ್ ಇರುವುದು ನಮ್ಮ ಮನೆಗಳಿಗೆ ಹೊಸತಲ್ಲ. ಮದುವೆ, ಮೀಲಾದ್ ಎಂದು ನಾಲ್ಕು ದಿನ ಓಡಿಸುತ್ತೇವೆ, ಆಮೇಲೆ ಅದು ಕಪಾಟು ಸೇರುತ್ತದೆ. ತೆಗೆದ ವಿಡಿಯೋ ಹಾಕಿ ನೋಡಿದರೆ ಮುಖಗಳೆಲ್ಲ ಚಂದ ಉಂಟು. ಆದರೆ ಮಾತು ಬಾವಿಯೊಳಗಿಂದ ಬಂದ ಹಾಗೆ. ಫ್ಯಾನಿನ ಸದ್ದು, ಅಡಿಗೆಮನೆಯ ಪಾತ್ರೆಯ ಸದ್ದು ಸ್ಪಷ್ಟ. ಅಜ್ಜಿ ಹಾಡಿದ್ದು ಮಾತ್ರ ಕೇಳುವುದಿಲ್ಲ.

ಬ್ಯಾರಿಗಳಾದ ನಮಗೆ ಇದು ಸಣ್ಣ ನಷ್ಟವಲ್ಲ. ನಮ್ಮ ಭಾಷೆ ಬಾಯಿಂದ ಬಾಯಿಗೆ ಬಂದದ್ದು. ಗಾದೆ, ಒಗಟು, ಮದುವೆ ಮನೆಯ ಹಾಡು, ಹಳೆಯ ಕಥೆ ಪುಸ್ತಕಕ್ಕಿಂತ ಹೆಚ್ಚು ಹಿರಿಯರ ನಾಲಿಗೆಯಲ್ಲೇ ಇವೆ. ಕನ್ನಡ ಲಿಪಿಯಲ್ಲಿ ಬರೆದಿಟ್ಟರೆ ಶಬ್ದ ಉಳಿಯುತ್ತದೆ, ರಾಗ ಉಳಿಯುವುದಿಲ್ಲ. ಮದ್ರಸದಲ್ಲಿ ‘ಸೀನ್’ ಮತ್ತು ‘ಸ್ವಾದ್’ ನಡುವಿನ ವ್ಯತ್ಯಾಸವನ್ನು ಮಕ್ಕಳು ಬೋರ್ಡ್ ನೋಡಿ ಕಲಿಯುವುದಿಲ್ಲ, ಉಸ್ತಾದರ ಬಾಯಿಂದ ಕೇಳಿ ಕಲಿಯುತ್ತಾರೆ. ಭಾಷೆಯೂ ಹಾಗೆಯೇ. ಆದ್ದರಿಂದ ಕ್ಯಾಮರಾ ಕೈಗೆ ಬಂದರೆ ಮೊದಲು ನೋಡಬೇಕಾದದ್ದು ಚಿತ್ರವನ್ನಲ್ಲ, ಸ್ವರವನ್ನು.

ಕ್ಯಾಮರಾದೊಳಗಿನ ಮೈಕ್ ಕ್ಯಾಮರಾ ಇರುವಲ್ಲಿ ಕೇಳುವುದನ್ನೇ ಹಿಡಿಯುತ್ತದೆ. ಅಜ್ಜಿ ಹತ್ತು ಅಡಿ ದೂರದಲ್ಲಿ ಕೂತರೆ ಅವರ ಸ್ವರಕ್ಕಿಂತ ತಲೆ ಮೇಲಿನ ಫ್ಯಾನೇ ಮುಂದೆ. ಇದಕ್ಕೆ ಮದ್ದು ಹೊರಗಿನ ಮೈಕ್. ಕ್ಯಾಮ್‌ಕಾರ್ಡರ್ ಕೊಳ್ಳುವ ಮೊದಲೇ ಅದರಲ್ಲಿ 3.5 ಮಿಲಿಮೀಟರಿನ ಮೈಕ್ ತೂತು ಮತ್ತು ಹೆಡ್‌ಫೋನ್ ತೂತು ಎರಡೂ ಉಂಟಾ ನೋಡಿ. ಕೆಲವು ಕಡಿಮೆ ಬೆಲೆಯ ಕ್ಯಾಮರಾಗಳಲ್ಲಿ ಇವು ಇರುವುದಿಲ್ಲ.

ಮಾತು, ಕಥೆ ಹಿಡಿಯಲು ಬಟ್ಟೆಗೆ ಸಿಕ್ಕಿಸುವ ಕಾಲರ್ ಮೈಕ್ ಸಾಕು. ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಅದಕ್ಕೆ ತಟ್ಟಾಮ ಉಜ್ಜಬಾರದು, ಬಳೆ ತಾಗಬಾರದು. ನಾಲ್ಕೈದು ಜನ ಸೇರಿ ಹಾಡುವುದಾದರೆ ಉದ್ದ ಕೋಲಿನಂಥ ಶಾಟ್‌ಗನ್ ಮೈಕನ್ನು ಅವರ ಹತ್ತಿರವೇ ಸ್ಟ್ಯಾಂಡಿನಲ್ಲಿ ಇಡಿ. ಕ್ಯಾಮರಾದ ತಲೆ ಮೇಲೆ ಕೂರಿಸಿದರೆ ದೂರದ ಸಮಸ್ಯೆ ಹಾಗೆಯೇ ಉಳಿಯುತ್ತದೆ. ಅಂಗಳದಲ್ಲಿ ಕಡಲ ಗಾಳಿ ಬೀಸುತ್ತಿದ್ದರೆ ಮೈಕಿಗೆ ಸ್ಪಂಜಿನ ಟೊಪ್ಪಿ ಬೇಕೇ ಬೇಕು.

ಒಂದು ಸಣ್ಣ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ಮೊಬೈಲಿನ ಕಾಲರ್ ಮೈಕಿನ ಪಿನ್ನಿಗೆ ಮೂರು ಕಪ್ಪು ಗೆರೆ ಇರುತ್ತದೆ. ಕ್ಯಾಮ್‌ಕಾರ್ಡರಿಗೆ ಬೇಕಾದದ್ದು ಸಾಮಾನ್ಯವಾಗಿ ಎರಡು ಗೆರೆಯದ್ದು. ಅಡಾಪ್ಟರ್ ಇಲ್ಲದೆ ಚುಚ್ಚಿದರೆ ಸ್ವರ ಬಾರದೆ ಇರಬಹುದು. ಮಜ್ಲಿಸಿನ ಸೌಂಡ್ ಸಿಸ್ಟಮಿನಿಂದ ನೇರ ವಯರ್ ಎಳೆದು ಮೈಕ್ ತೂತಿಗೆ ಕೊಟ್ಟರೂ ಸ್ವರ ಒಡೆಯುತ್ತದೆ. ಅದರ ಸಿಗ್ನಲ್ ಮೈಕಿನದ್ದಕ್ಕಿಂತ ಬಹಳ ಜೋರು, ತಗ್ಗಿಸುವ ಕೇಬಲ್ ಬೇರೆಯೇ ಉಂಟು.

ಕೂತು ಹಾಡಿಸುವ ಮೊದಲು ಅರ್ಧ ನಿಮಿಷ ರೆಕಾರ್ಡ್ ಮಾಡಿ ಹೆಡ್‌ಫೋನಿನಲ್ಲಿ ಕೇಳಿ. ಪರದೆಯ ಮೇಲಿನ ಸ್ವರದ ಪಟ್ಟಿ ಮೈನಸ್ 12ರ ಆಸುಪಾಸು ಆಡಿದರೆ ಒಳ್ಳೆಯದು. ಸೊನ್ನೆ ಮುಟ್ಟಿದರೆ ಸ್ವರ ಒಡೆಯುತ್ತದೆ, ಒಡೆದದ್ದನ್ನು ಆಮೇಲೆ ಸರಿ ಮಾಡುವುದು ಕಷ್ಟ. ಸ್ವರದ ಮಟ್ಟ ‘ಆಟೋ’ದಲ್ಲಿದ್ದರೆ ಅಜ್ಜಿ ಉಸಿರು ತೆಗೆದುಕೊಳ್ಳುವಾಗ ಕ್ಯಾಮರಾ ಫ್ಯಾನಿನ ಸದ್ದನ್ನು ಎತ್ತಿ ಹಿಡಿಯುತ್ತದೆ. ಮ್ಯಾನುವಲ್ ಇದ್ದರೆ ಅದನ್ನೇ ಇಡಿ. ಫ್ಯಾನ್ ಆಫ್ ಮಾಡಿ, ಹತ್ತು ನಿಮಿಷಕ್ಕೊಮ್ಮೆ ವಿರಾಮ ಕೊಡಿ. ಟ್ಯೂಬ್‌ಲೈಟ್ ಮಿನುಗಿದರೆ ಶಟರ್ 1/50ಕ್ಕೆ ಇಟ್ಟು ನೋಡಿ. ಗಲ್ಫಿನ ಚಾರ್ಜರಿನಲ್ಲಿ 100-240 ವೋಲ್ಟ್ ಎಂದು ಬರೆದಿದ್ದರೆ ಪ್ಲಗ್ ಬದಲಿಸುವ ಅಡಾಪ್ಟರ್ ಮಾತ್ರ ಸಾಕು.

ಇನ್ನು ಅದಬಿನ ಮಾತು. ಮೈಲಾಂಜಿಯ ರಾತ್ರಿ ಹೆಂಗಸರು ಹಾಡುವ ಹಾಡು ಹೆಂಗಸರ ನಡುವಿನದ್ದು. ಅಲ್ಲಿ ಕ್ಯಾಮರಾ ಹಿಡಿಯಬೇಕಾದದ್ದು ಮನೆಯ ಮಗಳೋ ಮೊಮ್ಮಗಳೋ. ಹೆಣ್ಮಕ್ಕಳು ಈ ಕೆಲಸವನ್ನು ಒಂದೇ ದಿನದಲ್ಲಿ ಕಲಿಯುತ್ತಾರೆ. ಹಿರಿಯರನ್ನು ಮೊದಲೇ ಕೇಳಿ, ಎಲ್ಲಿಗೆ ಕಳಿಸುತ್ತೇವೆ ಎಂದೂ ಹೇಳಿ. ಮುಖ ಬೇಡ ಎಂದರೆ ಲೆನ್ಸಿನ ಮುಚ್ಚಳ ಹಾಕಿಯೇ ರೆಕಾರ್ಡ್ ಮಾಡಬಹುದು, ಸ್ವರ ಬಂದೇ ಬರುತ್ತದೆ. ಸ್ವರವೂ ಹೊರಗೆ ಹೋಗುವುದು ಬೇಡ ಎಂದರೆ ಮನೆಯಲ್ಲೇ ಇರಲಿ. ಒಪ್ಪಿಗೆ ಇಲ್ಲದೆ ವಾಟ್ಸ್‌ಆ್ಯಪಿಗೆ ಹಾಕುವುದು ಅಮಾನತಿಗೆ ಮಾಡುವ ಮೋಸ.

ರೆಕಾರ್ಡ್ ಶುರುವಾದ ಕೂಡಲೇ ಹೆಸರು, ಊರು, ತಾರೀಕು, ಹಾಡನ್ನು ಯಾರಿಂದ ಕಲಿತದ್ದು ಎಂದು ಹಿರಿಯರ ಬಾಯಿಂದಲೇ ಹೇಳಿಸಿ. ಮುಗಿದ ದಿನವೇ ಎರಡು ಕಡೆ ಕಾಪಿ ಮಾಡಿ, ಒಂದು ಕಾಪಿ ಬೇರೆ ಮನೆಯಲ್ಲಿ ಇರಲಿ. ಕಾಪಿ ಆಗಿದೆ ಎಂದು ತೆರೆದು ನೋಡಿದ ಮೇಲೆಯೇ ಕಾರ್ಡ್ ಅಳಿಸಿ.

ಕ್ಯಾಮರಾ ಮುಂದಿನ ವರ್ಷ ಇನ್ನೂ ಒಳ್ಳೆಯದು ಸಿಗುತ್ತದೆ. ಎಂಬತ್ತು ದಾಟಿದ ಉಮ್ಮಂದಿರ ವಿಷಯದಲ್ಲಿ ನಾವು ಹಾಗೆ ಹೇಳುವ ಹಾಗಿಲ್ಲ. ಕಪಾಟಿನಲ್ಲಿರುವುದನ್ನು ಈ ವಾರವೇ ಚಾರ್ಜಿಗೆ ಹಾಕಿ.