ಬಲಗಡೆ ಸ್ಟಿಯರಿಂಗ್‌ನ ಗುಟ್ಟು

“ಮಾವ, ಅವನು ಡ್ರೈವರ್ ಕೂರುವ ಕಡೆಯಿಂದ ಯಾಕೆ ಹತ್ತಿದ?”

ನ್ಯೂಜೆರ್ಸಿಯಿಂದ ರಜೆಗೆ ಬಂದಿದ್ದ ಅಕ್ಕನ ಮಗಳು ಹೀಗೆ ಕೇಳಿದ ಕೂಡಲೇ ಸಿನಿಮಾ ನಿಲ್ಲಿಸಿ ಹಿಂದಕ್ಕೆ ಓಡಿಸಿದೆ. ನೋಡುತ್ತಿದ್ದದ್ದು 1945ರ ‘ಡಿಟೂರ್’. ನಿರ್ದೇಶಕ ಎಡ್ಗರ್ ಜಿ. ಉಲ್ಮರ್. ಎಂಟು-ಹತ್ತು ಸಲ ನೋಡಿದ್ದರೂ ಆ ದೃಶ್ಯದಲ್ಲಿ ನನಗೆ ಏನೂ ವಿಚಿತ್ರ ಕಂಡಿರಲಿಲ್ಲ. ನಾಯಕ ಆಲ್ ರಸ್ತೆ ಬದಿಯಲ್ಲಿ ಹೆಬ್ಬೆರಳು ಚಾಚಿ ನಿಲ್ಲುತ್ತಾನೆ. ಕಾರು ನಿಲ್ಲುತ್ತದೆ. ಎಡಗಡೆ ಬಾಗಿಲು ತೆಗೆದು ಹತ್ತುತ್ತಾನೆ. ತುಮಕೂರು ರಸ್ತೆಯಲ್ಲಿ ಲಿಫ್ಟ್ ಕೇಳುವವರೂ ಹತ್ತುವುದು ಹಾಗೆಯೇ ತಾನೇ?

ಆದರೆ ಅದು ಅಮೆರಿಕ. ಅಲ್ಲಿ ಸ್ಟಿಯರಿಂಗ್ ಎಡಕ್ಕೆ, ವಾಹನ ಓಡುವುದು ಬಲಕ್ಕೆ. ಅಲ್ಲೇ ಕಾರು ಕಲಿತ ಹುಡುಗಿಗೆ ತಟ್ಟನೆ ಕಂಡದ್ದು ಬೆಂಗಳೂರಿನಲ್ಲಿ ಕಾರು ಓಡಿಸುವ ನನ್ನ ಕಣ್ಣಿಗೆ ಇಷ್ಟು ವರ್ಷ ಬಿದ್ದಿರಲಿಲ್ಲ. ಅಂಗಿಯ ಒಳಮೈ ಹೊರಮೈ ಮಾಡಿದಂತೆ ನೆಗೆಟಿವ್ ಮಗುಚಿ ಮುದ್ರಿಸಿದ್ದಾರೆ. ಆ ರಾತ್ರಿ ಇಬ್ಬರೂ ಕೂತು ಒಂದೊಂದು ಕಾರನ್ನೂ ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಲಿಫ್ಟ್ ಕೇಳುವ ದೃಶ್ಯಗಳಲ್ಲಿ ಸ್ಟಿಯರಿಂಗ್ ಬಲಕ್ಕೆ. ಮುಂದೆ ದಾರಿಯಲ್ಲಿ ಸಿಗುವ ವೀರಾ ಎಂಬಾಕೆಯ ಜೊತೆ ಮಾತು ಬೆಳೆಯುವ ಹೊತ್ತಿಗೆ ಮತ್ತೆ ಎಡಕ್ಕೆ.

ಯಾಕೆ ಮಗುಚಿದರು? ಆಲ್ ಹೊರಟಿರುವುದು ನ್ಯೂಯಾರ್ಕಿನಿಂದ ಲಾಸ್ ಏಂಜಲೀಸಿಗೆ, ಪೂರ್ವದಿಂದ ಪಶ್ಚಿಮಕ್ಕೆ. ನಕ್ಷೆಯಲ್ಲಿ ಅದು ಬಲದಿಂದ ಎಡಕ್ಕೆ ಸಾಗುವ ದಾರಿ. ಪರದೆಯ ಮೇಲೂ ಪಯಣ ಅದೇ ದಿಕ್ಕಿಗೆ ಸಾಗಲಿ ಎಂದು ಮಗುಚಿರಬೇಕು ಎನ್ನುವುದು ಬಲ್ಲವರ ವಿವರಣೆ. ನನಗೂ ಅದೇ ಸರಿ ಅನಿಸುತ್ತದೆ. ಬಾಗಿಲು ತಪ್ಪಿದರೂ ಸರಿ, ದಿಕ್ಕು ತಪ್ಪಬಾರದು.

ಇಷ್ಟು ಲೆಕ್ಕಾಚಾರದ ಉಲ್ಮರ್ ‘ಡಿಟೂರ್’ನಂಥ ಕಡಿಮೆ ಹಣದ ಚಿತ್ರಗಳಿಗೆ ಬಂದದ್ದು ಹೇಗೆ? 1904ರಲ್ಲಿ ಮೊರಾವಿಯಾದ ಓಲೊಮೌಟ್ಸ್‌ನಲ್ಲಿ ಹುಟ್ಟಿ, ವಿಯೆನ್ನಾದಲ್ಲಿ ಬೆಳೆದವನು. 1930ರ ಜರ್ಮನ್ ಚಿತ್ರ ‘ಪೀಪಲ್ ಆನ್ ಸಂಡೇ’ಯಲ್ಲಿ ರಾಬರ್ಟ್ ಸಿಯೊಡ್‌ಮಾಕ್, ಬಿಲ್ಲಿ ವೈಲ್ಡರ್ ಅವರ ಜೊತೆಗಾರ. 1934ರಲ್ಲಿ ಯೂನಿವರ್ಸಲ್ ಸ್ಟುಡಿಯೊಗೆ ನಟರಾದ ಕಾರ್ಲಾಫ್ ಮತ್ತು ಲುಗೋಸಿ ಜೋಡಿಯ ‘ದಿ ಬ್ಲ್ಯಾಕ್ ಕ್ಯಾಟ್’ ಮಾಡಿಕೊಟ್ಟ; ಅದು ಚೆನ್ನಾಗಿ ಓಡಿತು. ಅಷ್ಟರಲ್ಲಿ ಶರ್ಲಿ ಎಂಬಾಕೆಯಲ್ಲಿ ಅನುರಕ್ತನಾದ. ಆಕೆ ಯೂನಿವರ್ಸಲ್ ಒಡೆಯ ಕಾರ್ಲ್ ಲೆಮ್ಲಿಯ ಸಂಬಂಧಿಯ ಹೆಂಡತಿ. ಆಕೆ ಗಂಡನನ್ನು ಬಿಟ್ಟು ಉಲ್ಮರ್‌ನನ್ನು ಮದುವೆಯಾದಳು. ದೊಡ್ಡ ಸ್ಟುಡಿಯೊಗಳ ಬಾಗಿಲು ಮುಚ್ಚಿತು; ಅವನ ಹೆಸರು ಕಪ್ಪುಪಟ್ಟಿಗೆ ಬಿತ್ತು.

ಕಪ್ಪುಪಟ್ಟಿ ಎಂದೊಡನೆ ನಮಗೆ ನೆನಪಾಗುವುದು ಹಾಲಿವುಡ್‌ನಲ್ಲಿ ನಡೆದ ಕಮ್ಯುನಿಸ್ಟರ ಬೇಟೆ. ಇದು ಅದಕ್ಕೂ ಮುಂಚಿನ ಮಾತು. ಇಲ್ಲಿದ್ದದ್ದು ರಾಜಕೀಯವಲ್ಲ, ಒಂದು ಮನೆತನದ ಮುನಿಸು. ಶರ್ಲಿ ಕೊನೆಯವರೆಗೂ ಅವನ ಜೊತೆ ನಿಂತಳು, ಬಹುಪಾಲು ಚಿತ್ರಗಳಿಗೆ ಸ್ಕ್ರಿಪ್ಟ್ ಸೂಪರ್‌ವೈಸರ್ ಆದಳು. ಆಕೆಯ ಹೆಸರಿಲ್ಲದೆ ಉಲ್ಮರ್ ಬಗ್ಗೆ ಬರೆಯುವುದು ಅನ್ಯಾಯ.

ಹೊರಬಿದ್ದವನು ಹೊರಗಿನವರಿಗಾಗಿ ಚಿತ್ರ ಮಾಡಿದ. 1937ರಲ್ಲಿ ಯಿಡ್ಡಿಷ್ ಭಾಷೆಯ ‘ಗ್ರೀನ್ ಫೀಲ್ಡ್ಸ್’, ಉಕ್ರೇನಿಯನ್ ಭಾಷೆಯ ‘ನತಾಲ್ಕಾ ಪೊಲ್ತಾವ್ಕಾ’. 1939ರಲ್ಲಿ ಕಪ್ಪು ಕಲಾವಿದರ ‘ಮೂನ್ ಓವರ್ ಹಾರ್ಲೆಮ್’. ಕ್ಷಯರೋಗದ ತಿಳಿವಳಿಕೆಯ ಕಿರುಚಿತ್ರಗಳನ್ನೂ ಬಿಡಲಿಲ್ಲ. ಆಮೇಲೆ ಬಡ ಕಂಪನಿ ಪಿಆರ್‌ಸಿ, ಅಲ್ಲಿ ‘ಡಿಟೂರ್’. ಅದೇ 1945ರ ‘ದಿ ಲಾಸ್ಟ್ ವೀಕೆಂಡ್’ಗೆ ಹಳೆಯ ಗೆಳೆಯ ವೈಲ್ಡರ್ ಆಸ್ಕರ್ ಗೆದ್ದ.

‘ಡಿಟೂರ್’ ಆರೇ ದಿನದಲ್ಲಿ ಮುಗಿಯಿತು ಎಂಬ ಕಥೆಯನ್ನು ಉಲ್ಮರ್ ತಾನೇ ಹೇಳುತ್ತಿದ್ದ. ನಾನಿದನ್ನು ನಂಬುವುದಿಲ್ಲ. ಜೀವನಚರಿತ್ರೆಕಾರ ನೋವಾ ಐಸೆನ್‌ಬರ್ಗ್ ದಾಖಲೆ ಹುಡುಕಿದಾಗ, ಚಿತ್ರೀಕರಣ ಅದಕ್ಕಿಂತ ಬಹಳ ಹೆಚ್ಚು ದಿನ ನಡೆದದ್ದೂ ವೆಚ್ಚ 1 ಲಕ್ಷ ಡಾಲರ್ ದಾಟಿದ್ದೂ ಗೊತ್ತಾಯಿತು. ದೊಡ್ಡ ಸ್ಟುಡಿಯೊಗಳಿಗೆ ಅದು ಚಿಲ್ಲರೆ ದುಡ್ಡೇ. ಆದರೂ ಆರು ದಿನದ ಕಥೆ ಕೇಳಿದವರು ಅವಸರವನ್ನು ಮೆಚ್ಚುತ್ತಾರೆ, ಕಸುಬನ್ನು ಮರೆಯುತ್ತಾರೆ. ನ್ಯೂಯಾರ್ಕಿನ ಬೀದಿ ಕಟ್ಟಲು ಹಣವಿಲ್ಲ; ದಟ್ಟ ಮಂಜು ಹಬ್ಬಿಸಿ ಪ್ರೇಮಿಗಳನ್ನು ನಡೆಸಿದ. ನಾವು ಕೊರತೆಯನ್ನು ಕಾಣುವುದಿಲ್ಲ, ದಾರಿ ಕಾಣದೆ ನಡೆಯುವ ಇಬ್ಬರನ್ನು ಕಾಣುತ್ತೇವೆ. ಅದು ಅವಸರದ ಕೆಲಸವಲ್ಲ.

ಮುಂದೆ ಫ್ರೆಂಚ್ ವಿಮರ್ಶಕರು ಅವನನ್ನು ಕೊಂಡಾಡಿದರು. 1972ರಲ್ಲಿ ತೀರಿಕೊಂಡ. 1992ರಲ್ಲಿ ‘ಡಿಟೂರ್’ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿತು. 2018ರಲ್ಲಿ ಅದನ್ನು ಪುನರುಜ್ಜೀವನಗೊಳಿಸಲು ನೆರವಾದದ್ದು ಬೆಲ್ಜಿಯಂನಲ್ಲಿ ಉಳಿದಿದ್ದ ಪ್ರತಿ. ಅದರ ಮೇಲೆ ಅಚ್ಚಾಗಿದ್ದ ಅಡಿಬರಹಗಳನ್ನು ಡಿಜಿಟಲ್ ಆಗಿ ಅಳಿಸಬೇಕಾಯಿತು. ನಾವು ಅಂದು ನೋಡಿದ್ದು ಅದೇ ಶುಭ್ರ ಪ್ರತಿ. ಹಳೆಯ ಗೀರುಗೀರು ಪ್ರತಿಯಲ್ಲಿ ಮಂಜು ಬರೀ ಬೂದು ಕಲೆ. ಇಲ್ಲಿ ಅದು ಉಸಿರಾಡುತ್ತದೆ.

ಚಿತ್ರ ಮುಗಿದ ಮೇಲೆ ಹುಡುಗಿ ಮತ್ತೆ ಮೊದಲಿನಿಂದ ಹಾಕಿದಳು. ಈ ಸಲ ಆಲ್ ಕಾರು ಹತ್ತಿದಾಗ ಅವಳು ಬಾಗಿಲ ಬಗ್ಗೆ ಕೇಳಲಿಲ್ಲ. “ಇವನಿನ್ನು ಹಿಂದಕ್ಕೆ ಬರಲಾರ” ಎಂದಳು.